ಕಟ್ಟಪ್ಪನು ಉಳಿಸಿಹೋದ ಪ್ರಶ್ನೆ

ಕಥೆ ಕೇಳುವ ಮನಸ್ಸಿಗೆ ಎರಡು ಬಗೆಯ ಹಸಿವು ಉಂಟು. ಮುಂದೇನಾಯಿತು ಎಂಬುದು ಒಂದು. ಹಾಗೇಕಾಯಿತು ಎಂಬುದು ಇನ್ನೊಂದು. ಮೊದಲನೆಯದು ಬೇಗ ಹುಟ್ಟಿ ಬೇಗ ತೀರುವ ಹಸಿವು. ಎರಡನೆಯದು ಕೇಳುಗನನ್ನು ಮನೆಯವರೆಗೆ ಹಿಂಬಾಲಿಸಿ ಬರುತ್ತದೆ, ಊಟದ ಪಂಕ್ತಿಯಲ್ಲಿ ಜೊತೆಗೆ ಕೂಡುತ್ತದೆ, ಮಲಗಿದ ಮೇಲೂ ಮಾತಾಡಿಸುತ್ತದೆ. ರಾಜರಾಣಿಯರ, ಮಾಯಾಲೋಕದ, ಅದ್ಭುತ ಸಾಹಸಗಳ ಚಲನಚಿತ್ರ ಸರಣಿಗಳಿಗಾಗಿ ಇಂದಿನ ಮಕ್ಕಳು ವರ್ಷಗಟ್ಟಲೆ ಕಾಯುವುದನ್ನು ಕಂಡು, ಇದೆಂಥ ಹುಚ್ಚು ಎಂದು ಹಿರಿಯರು ಬೇಸರಿಸುವುದುಂಟು. ಆ ಬೇಸರದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಆದರೆ ಕಾಯುವುದೆಲ್ಲವೂ ಒಂದೇ ಬಗೆಯದಲ್ಲ. ಯಾವ ಹಸಿವಿನಿಂದ ಕಾಯುತ್ತಾರೆ ಎಂಬುದನ್ನು ನೋಡಿ ಅದರ ಬೆಲೆ ಕಟ್ಟಬೇಕಾಗುತ್ತದೆ. ಇದಕ್ಕೆ ನಿದರ್ಶನ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಒಂದೇ ಒಂದು 'ಏಕೆ'ಗಾಗಿ ದೇಶದ ಉದ್ದಗಲಕ್ಕೂ ಜನ ಇಪ್ಪತ್ತೊಂದು ತಿಂಗಳು ಕಾದದ್ದು ನಮ್ಮೆಲ್ಲರ ಕಣ್ಣೆದುರಿಗೇ ನಡೆದ ಸಂಗತಿ.

ನಡುವೆ ನಿಂತ ಕಥೆ

2015ನೆಯ ಇಸವಿಯ ಜುಲೈ 10ರಂದು 'ಬಾಹುಬಲಿ' ಚಿತ್ರದ ಮೊದಲ ಭಾಗ ತೆರೆಕಂಡಿತು. ನಿರ್ದೇಶಕರಾದ ಎಸ್. ಎಸ್. ರಾಜಮೌಳಿ ಅವರು ನಮ್ಮ ರಾಯಚೂರು ಜಿಲ್ಲೆಯಲ್ಲಿ ಹುಟ್ಟಿ ತೆಲುಗು ಚಿತ್ರರಂಗದಲ್ಲಿ ಹೆಸರು ಮಾಡಿದವರು. ಕಥೆ ಅವರ ತಂದೆಯವರಾದ ವಿ. ವಿಜಯೇಂದ್ರ ಪ್ರಸಾದ್ ಅವರದು. ಮಾಹಿಷ್ಮತಿ ಎಂಬ ರಾಜ್ಯ, ಅದರ ಸಿಂಹಾಸನಕ್ಕೆ ಇಬ್ಬರು ದಾಯಾದಿಗಳು, ಹೊಳೆಯಲ್ಲಿ ಮುಳುಗುತ್ತಲೇ ಹಸುಗೂಸನ್ನು ಒಂದು ಕೈಯಲ್ಲಿ ಎತ್ತಿಹಿಡಿದ ರಾಜಮಾತೆ, ಸರಪಳಿಯಲ್ಲಿ ಇಪ್ಪತ್ತೈದು ವರ್ಷ ಕಳೆದ ರಾಣಿ, ಇವೆಲ್ಲ ಸೇರಿದ ಕಲ್ಪನಾ ಪ್ರಪಂಚ ಅದು. ಇಲ್ಲಿ ಬರುವ ಬಾಹುಬಲಿಗೂ ಶ್ರವಣಬೆಳಗೊಳದ ಬಾಹುಬಲಿಗೂ ಸಂಬಂಧವಿಲ್ಲ. ಬಿಜ್ಜಳದೇವನೆಂಬ ಪಾತ್ರವೂ ಕಲ್ಯಾಣದ ಬಿಜ್ಜಳನಲ್ಲ. ಹೆಸರು ಕಂಡೊಡನೆ ಕಿವಿ ನಿಮಿರಿಸುವ ನಮ್ಮ ಓದುಗರಿಗಾಗಿ ಇಷ್ಟನ್ನು ಮೊದಲೇ ಹೇಳಿದ್ದೇವೆ.

ಜಲಪಾತದ ಬುಡದ ಜನರಲ್ಲಿ ಬೆಳೆದ ಶಿವುಡು ಎಂಬ ತರುಣನಿಗೆ ತಾನು ಅಮರೇಂದ್ರ ಬಾಹುಬಲಿಯ ಮಗನೆಂದು ತಿಳಿಯುತ್ತದೆ. ತಂದೆಯ ಕಥೆಯನ್ನು ಅವನಿಗೆ ಹೇಳುವವನು ಕಟ್ಟಪ್ಪ. ಆತ ಅರಮನೆಯ ದಾಸ, ಮಹಾಯೋಧ, ಬಾಹುಬಲಿಯನ್ನು ಮಗನಂತೆ ಕಂಡವನು. ಅಂಥ ವೀರನನ್ನು ಬೆನ್ನಿಗಿರಿದು ಕೊಂದ ದ್ರೋಹಿ ಯಾರೆಂಬ ಪ್ರಶ್ನೆ ಎದ್ದಾಗ, ಆ ದ್ರೋಹಿ ತಾನೇ ಎಂದು ಕಟ್ಟಪ್ಪ ಒಪ್ಪಿಕೊಳ್ಳುತ್ತಾನೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಕೊಂದವನಾರೆಂಬುದು ತಿಳಿಯಿತು, ಏಕೆ ಕೊಂದನೆಂಬುದು ತಿಳಿಯಲಿಲ್ಲ.

ಮೊದಲು ಒಂದೇ ಚಿತ್ರವೆಂದು ಯೋಚಿಸಿದ್ದ ಕಥೆ ಬೆಳೆದು ಎರಡಾಯಿತು. ಆದರೆ ಎಲ್ಲಿ ತುಂಡರಿಸಬೇಕೆಂಬ ಆಯ್ಕೆ ಮಾತ್ರ ಬಹಳ ಬಲ್ಲವರದು. ನಮ್ಮ ಮಠಗಳಲ್ಲಿ ಶ್ರಾವಣ ಮಾಸದ ಪುರಾಣ ಕೇಳಿದವರಿಗೆ ಈ ಯುಕ್ತಿ ಹೊಸದಲ್ಲ. ಒಳ್ಳೆಯ ಪುರಾಣಿಕರು ಕಥೆಯನ್ನು ಆ ದಿನದ ಮಟ್ಟಿಗೆ ನಿಲ್ಲಿಸುವಾಗ ಎಲ್ಲಿ ನಿಲ್ಲಿಸಬೇಕೆಂಬುದನ್ನು ಬಲ್ಲರು. ಪತ್ನಿ ಬಾಗಿಲು ತೆರೆದಳೋ ಇಲ್ಲವೋ, ಅರಸನು ಕೈಯೆತ್ತಿದ ಖಡ್ಗ ಇಳಿಸಿದನೋ ಇಲ್ಲವೋ ಎಂಬಲ್ಲಿ ಮಂಗಳ ಹಾಡಿದರೆ ಮರುದಿನ ಜಗಲಿಯಲ್ಲಿ ಜಾಗ ಸಾಲದು. ವಾರಪತ್ರಿಕೆಗಳಲ್ಲಿ ಧಾರಾವಾಹಿ ಓದಿ ಬೆಳೆದ ನಮ್ಮ ತಲೆಮಾರಿನ ತಾಯಂದಿರಿಗೂ ಇದರ ರುಚಿ ಗೊತ್ತು. ಅಂದಮೇಲೆ ಕಾಯುವುದು ಮಕ್ಕಳ ಕಾಲದ ಹೊಸ ಕಾಯಿಲೆಯೆಂದು ಹೇಳುವ ಹಕ್ಕು ನಮಗಿಲ್ಲ. ಪುರಾಣಕ್ಕೆ ಒಂದು ದಿನ, ಧಾರಾವಾಹಿಗೆ ಒಂದು ವಾರ. ಈ ಚಿತ್ರಕ್ಕೆ ಆರುನೂರ ಐವತ್ತೆಂಟು ದಿನ.

ತಿಳಿದು ಕಾಯುವವರು, ತಿಳಿಯದೆ ಕಾಯುವವರು

ಪಶ್ಚಿಮ ದೇಶಗಳಲ್ಲಿ ಇಂಥ ಕಾಯುವಿಕೆ ಹಳೆಯದು. 1980ರ ಮೇ ತಿಂಗಳಲ್ಲಿ ಬಂದ 'ಸ್ಟಾರ್ ವಾರ್ಸ್' ಸರಣಿಯ ಎರಡನೆಯ ಚಿತ್ರದಲ್ಲಿ ಖಳನು ತಾನೇ ನಾಯಕನ ತಂದೆಯೆಂದು ಹೇಳುತ್ತಾನೆ. ಅದು ಸತ್ಯವೋ ಸುಳ್ಳೋ ಎಂದು ತಿಳಿಯಲು ಪ್ರೇಕ್ಷಕರು 1983ರ ಮೇ ತಿಂಗಳವರೆಗೆ, ಅಂದರೆ ಮೂರು ವರ್ಷ, ಕಾಯಬೇಕಾಯಿತು. ಇದು ಉತ್ತರ ತಿಳಿಯದವರ ಕಾಯುವಿಕೆ.

ಇನ್ನೊಂದು ಬಗೆಯೂ ಉಂಟು. ಟೋಲ್ಕಿನ್ನರ 'ಲಾರ್ಡ್ ಆಫ್ ದ ರಿಂಗ್ಸ್' ಕೃತಿ 1954 ಮತ್ತು 1955ರಲ್ಲೇ ಅಚ್ಚಾಗಿತ್ತು. ಅದರ ಮೂರು ಚಿತ್ರಗಳು 2001, 2002, 2003ರ ಡಿಸೆಂಬರ್ ತಿಂಗಳುಗಳಲ್ಲಿ ಒಂದಾದ ಮೇಲೊಂದು ಬಂದಾಗ, ಕಥೆಯ ಕೊನೆ ಬಲ್ಲವರೇ ಮುಂದಿನ ಡಿಸೆಂಬರಿಗಾಗಿ ದಿನವೆಣಿಸಿದರು. 'ಹ್ಯಾರಿ ಪಾಟರ್' ಸರಣಿಯ ಆರನೆಯ ಪುಸ್ತಕ 2005ರಲ್ಲಿ ಪ್ರಕಟವಾಗಿ ಲೋಕದ ಮಕ್ಕಳೆಲ್ಲ ಓದಿಯಾಗಿತ್ತು. ಆದರೂ ಅದರ ಚಿತ್ರವನ್ನು 2008ರ ನವೆಂಬರಿನಿಂದ 2009ರ ಜುಲೈಗೆ ಮುಂದೂಡಿದಾಗ ಅಭಿಮಾನಿಗಳು ಬಹಳ ನೊಂದುಕೊಂಡರು, ಸಿಟ್ಟಾದರು. ಯಾರು ಸಾಯುತ್ತಾರೆ, ಯಾರು ಕೊಲ್ಲುತ್ತಾರೆ ಎಂಬುದೆಲ್ಲ ಬಾಯಿಪಾಠವಾಗಿದ್ದವರಿಗೆ ಇನ್ನೇನು ಬೇಕಾಗಿತ್ತು? ತಾವು ಮನಸ್ಸಿನಲ್ಲಿ ಕಟ್ಟಿಕೊಂಡದ್ದನ್ನು ಕಣ್ಣಾರೆ ಕಾಣಬೇಕಾಗಿತ್ತು. ತಮ್ಮಂಥವರೊಡನೆ ಕೂತು ಕಾಣಬೇಕಾಗಿತ್ತು. ತೇರು ಯಾವ ಬೀದಿಯಲ್ಲಿ ಹೋಗುತ್ತದೆಂದು ಊರಿಗೆಲ್ಲ ಗೊತ್ತಿದ್ದರೂ ತೇರಿನ ದಿನ ಯಾರೂ ಮನೆಯಲ್ಲಿ ಉಳಿಯುವುದಿಲ್ಲವಷ್ಟೆ.

'ಬಾಹುಬಲಿ'ಯ ಪ್ರೇಕ್ಷಕರಿಗೆ ತೆರೆದು ನೋಡಲು ಮೂಲಗ್ರಂಥವೇ ಇರಲಿಲ್ಲ. ಉತ್ತರ ಬೇಕಾದವರು ತಾವೇ ಯೋಚಿಸಬೇಕಾಯಿತು. ಈ ಕಾಯುವಿಕೆಗೆ ನಾವು ಬೆಲೆ ಕೊಡುವುದು ಈ ಕಾರಣಕ್ಕಾಗಿ.

ಮನೆಮನೆಯ ತರ್ಕ

ಕಟ್ಟಪ್ಪ ಬಾಹುಬಲಿಯನ್ನು ಏಕೆ ಕೊಂದ ಎಂಬ ಮಾತು ಆ ದಿನಗಳಲ್ಲಿ ನಗೆಹನಿಯಾಯಿತು, ವಾಟ್ಸಾಪಿನಲ್ಲಿ ಹರಿದಾಡಿತು, ಅಂಗಿಗಳ ಮೇಲೆ ಅಚ್ಚಾಯಿತು. ಚಿತ್ರ ನೋಡದವರ ಬಾಯಲ್ಲೂ ಅದು ಬಂದಿತು. ನಗೆಯ ಕೆಳಗೆ ಮಾತ್ರ ನಿಜವಾದ ತರ್ಕವೊಂದು ನಡೆದೇ ಇತ್ತು. ಅವನು ಮೊದಲಿನಿಂದಲೂ ಕಪಟಿಯೆಂದರು ಕೆಲವರು. ರಾಜಮಾತೆಯ ಅಪ್ಪಣೆಯಿದ್ದಿರಬೇಕೆಂದರು ಕೆಲವರು. ಬಾಹುಬಲಿಯೇ ಬೇಡಿಕೊಂಡಿರಬೇಕು ಎಂದವರೂ ಉಂಟು. ಬಾಹುಬಲಿ ಸತ್ತೇ ಇಲ್ಲವೆಂದು ವಾದಿಸಿದವರೂ ಉಂಟು.

ಉತ್ತರದ ಬೀಜ ಮೊದಲ ಭಾಗದಲ್ಲಿಯೇ ಇತ್ತೆಂಬುದು ಇಲ್ಲಿಯ ಸ್ವಾರಸ್ಯ. ನಮ್ಮ ಕನ್ನಡದ ನಟ ಸುದೀಪ್ ಅವರು ಅಸ್ಲಂ ಖಾನ್ ಎಂಬ ಪರದೇಶದ ವ್ಯಾಪಾರಿಯಾಗಿ ಒಂದು ಸಣ್ಣ ಪಾತ್ರ ಮಾಡಿದ್ದಾರೆ. ಕಟ್ಟಪ್ಪನ ಕತ್ತಿಯ ಹದವನ್ನೂ ತೋಳಿನ ಬಲವನ್ನೂ ಕಂಡು ಬೆರಗಾದ ಆತ ಇಂಥವನು ದಾಸನಾಗಿರುವುದೇ ಎಂದು ಮರುಗಿ, ಹಣ ತೆತ್ತು ಬಿಡಿಸಲು ಮುಂದಾಗುತ್ತಾನೆ. ಕಟ್ಟಪ್ಪ ಒಪ್ಪುವುದಿಲ್ಲ. ತನ್ನ ಹಿರಿಯರು ಮಾಹಿಷ್ಮತಿಯ ಸಿಂಹಾಸನಕ್ಕೆ ತಲೆತಲಾಂತರಕ್ಕೂ ದಾಸರಾಗಿರುವೆವೆಂದು ಮಾತು ಕೊಟ್ಟಿದ್ದಾರೆ, ಅದನ್ನು ತಾನು ಮೀರಲಾರೆ ಎನ್ನುತ್ತಾನೆ. ಹೆಚ್ಚಿನವರು ಆ ದೃಶ್ಯವನ್ನು ಸುದೀಪರಿಗಾಗಿ ನೋಡಿ ಚಪ್ಪಾಳೆ ತಟ್ಟಿ ಮುಂದೆ ಹೋದರು. ಎರಡು ಮೂರು ಬಾರಿ ನೋಡಿದ ಮಕ್ಕಳು ಅಲ್ಲಿ ನಿಂತರು. ಬಿಡುಗಡೆ ಬಾಗಿಲಿಗೆ ಬಂದರೂ ಬೇಡವೆಂದವನ ಕೈಯಿಂದ ಯಾವ ಅಪ್ಪಣೆಯನ್ನಾದರೂ ನಡೆಸಿಕೊಳ್ಳಬಹುದಲ್ಲವೇ ಎಂಬ ಅನುಮಾನ ಅವರಿಗೆ ಬಂದಿತು. ಒಂದು ಪ್ರಶ್ನೆ ಮನಸ್ಸಿನಲ್ಲಿ ನಾಟಿದ ಮೇಲೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಶಾಲೆಯಲ್ಲಿ ಬೆತ್ತ ಹಿಡಿದರೂ ಬರಲೊಲ್ಲದ ಸೂಕ್ಷ್ಮ ಓದುಗಾರಿಕೆ ಇಲ್ಲಿ ತಾನಾಗಿ ಬಂದಿತು.

ಕಾಯುವಿಕೆಯ ಮೇಲೆ ಹೂಡಿದ ಅಂಗಡಿ

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವನ್ನಷ್ಟೇ ಹೇಳಿದಂತಾಗುತ್ತದೆ. ಕಾಯುವ ಜನರಿರುವಲ್ಲಿ ಅಂಗಡಿ ಹೂಡುವವರೂ ಇರುತ್ತಾರೆ. ಮೊದಲ ಭಾಗ ಬರುವ ಮುನ್ನವೇ, 2015ರ ಜೂನ್ ತಿಂಗಳಲ್ಲಿ, ಕೇರಳದ ಕೊಚ್ಚಿಯಲ್ಲಿ ಸುಮಾರು 51 ಸಾವಿರ ಚದರ ಅಡಿಯ ಪೋಸ್ಟರನ್ನು ಹಾಸಿ ಗಿನ್ನೆಸ್ ದಾಖಲೆ ಮಾಡಲಾಯಿತು. ಎರಡನೆಯ ಭಾಗ 2016ರಲ್ಲಿ ಬರುವುದೆಂಬ ಮಾತು ಹೋಗಿ 2017ರ ಏಪ್ರಿಲ್ 28 ನಿಗದಿಯಾಯಿತು. ಆ ವರ್ಷದ ಮಾರ್ಚ್ 16ರಂದು ಟ್ರೇಲರ್ ಬಂದಿತು. ಶಿವಗಾಮಿಯ ಎಳವೆಯ ಕಥೆ ಹೇಳುವ ಆನಂದ್ ನೀಲಕಂಠನ್ ಅವರ ಇಂಗ್ಲಿಷ್ ಕಾದಂಬರಿ ಅದೇ ತಿಂಗಳು ಹೊರಬಂದಿತು. ಏಪ್ರಿಲ್ ಮೊದಲ ವಾರದಲ್ಲಿ ಮೊದಲ ಭಾಗದ ಹಿಂದಿ ಆವೃತ್ತಿಯನ್ನು ಮತ್ತೆ ಚಿತ್ರಮಂದಿರಗಳಿಗೆ ತಂದರು. ಒಲೆಯ ಮೇಲಿನ ಹಾಲು ಉಕ್ಕದಂತೆ, ಆರದಂತೆ, ಹದವಾಗಿ ಉರಿ ಹಾಕುವ ಕೆಲಸ ಇದು. ಇದಕ್ಕೆ ಅಡ್ಡಿಯೂ ಬಂದಿತು. 2016ರ ನವೆಂಬರಿನಲ್ಲಿ ಯುದ್ಧದೃಶ್ಯದ ತುಣುಕೊಂದು ಕದ್ದು ಹೊರಬಿದ್ದು ವಿಷಯ ಪೊಲೀಸರವರೆಗೆ ಹೋಯಿತು.

ಟಿಕೆಟ್ಟಿನ ಮಾತೂ ಹಾಗೆಯೇ. 2017ರ ಮಾರ್ಚ್ ತಿಂಗಳ ಮುಂಗಡಪತ್ರದಲ್ಲಿ ನಮ್ಮ ರಾಜ್ಯ ಸರ್ಕಾರ ಮಲ್ಟಿಪ್ಲೆಕ್ಸುಗಳ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕುವುದಾಗಿ ಸಾರಿತ್ತು. ಚಿತ್ರ ಬಿಡುಗಡೆಯಾದ ದಿನ ಆ ಮಿತಿ ಜಾರಿಗೆ ಬಂದಿರಲಿಲ್ಲ. ಬೆಂಗಳೂರಿನ ಪ್ರೇಕ್ಷಕರು ಅದಕ್ಕಿಂತ ಬಹಳ ಹೆಚ್ಚು ತೆತ್ತು ಒಳಗೆ ಹೋದರು. ಇಪ್ಪತ್ತೊಂದು ತಿಂಗಳು ಕಾದವನಿಗೆ ಇನ್ನೊಂದು ವಾರ ಕಾಯುವುದು ಅಸಾಧ್ಯವೆನಿಸುವ ಆ ಗಳಿಗೆಯೇ ವ್ಯಾಪಾರಿಯ ಸುಗ್ಗಿ. ಬಿಡುಗಡೆಯಾಗಿ ಹತ್ತು ದಿನಗಳಾಗುವಷ್ಟರಲ್ಲಿ ಚಿತ್ರದ ಗಳಿಕೆ 1,000 ಕೋಟಿ ರೂಪಾಯಿ ದಾಟಿತೆಂದು ಪತ್ರಿಕೆಗಳು ಬರೆದವು. ಭಾರತದ ಯಾವ ಚಿತ್ರವೂ ಅದಕ್ಕೆ ಮೊದಲು ಆ ಅಂಕಿಯನ್ನು ಮುಟ್ಟಿರಲಿಲ್ಲ.

ಕರ್ನಾಟಕದಲ್ಲಿ ಈ ಕಾಯುವಿಕೆಗೆ ಇನ್ನೊಂದು ತೊಡಕು ಒದಗಿತು. ಕಟ್ಟಪ್ಪನ ಪಾತ್ರ ಮಾಡಿದ ತಮಿಳು ನಟ ಸತ್ಯರಾಜ್ ಅವರು ಕಾವೇರಿ ವಿವಾದದ ಸಂದರ್ಭದಲ್ಲಿ ವರ್ಷಗಳ ಹಿಂದೆ ಆಡಿದ್ದ ಮಾತುಗಳು ಕನ್ನಡಿಗರ ಮನಸ್ಸು ನೋಯಿಸಿದ್ದವು. ಅವರು ಕ್ಷಮೆ ಕೇಳದೆ ಚಿತ್ರ ಬಿಡುಗಡೆಯಾಗಕೂಡದೆಂದು ಕನ್ನಡ ಸಂಘಟನೆಗಳು ಪಟ್ಟುಹಿಡಿದವು. ರಾಜಮೌಳಿ ಅವರು ಕನ್ನಡದಲ್ಲಿಯೇ ಮಾತಾಡಿ, ಒಬ್ಬರ ಮಾತಿಗೆ ನೂರಾರು ಜನರ ದುಡಿಮೆಯನ್ನು ದಂಡಿಸಬಾರದೆಂದು ವಿನಂತಿಸಿದರು. ಏಪ್ರಿಲ್ 21ರಂದು ಸತ್ಯರಾಜ್ ಅವರು ವಿಷಾದ ವ್ಯಕ್ತಪಡಿಸಿದರು; ವಿರೋಧ ಹಿಂದೆಗೆಯಿತು; ಚಿತ್ರ ಗೊತ್ತಾದ ದಿನವೇ ಬಂದಿತು. ಕಥೆಯ ಸೆಳೆತ ಎಷ್ಟೇ ಇರಲಿ, ಆಡಿದ ಮಾತಿಗೆ ಆಡಿದವರು ಹೊಣೆಯೆಂಬುದನ್ನು ಜನ ಮರೆಯಲಿಲ್ಲ. ಹೊಣೆ ಹೊತ್ತ ಮೇಲೆ ಹಗೆಯನ್ನು ಮುಂದುವರಿಸಲೂ ಇಲ್ಲ. ಎರಡೂ ನಮಗೆ ಮೆಚ್ಚುಗೆಯಾದ ಸಂಗತಿಗಳೇ.

ಉತ್ತರ ಬಂದ ಮೇಲೆ

ಎರಡನೆಯ ಭಾಗ ಕೊಟ್ಟ ಉತ್ತರ ಇದು. ಬಿಜ್ಜಳದೇವ ಮತ್ತು ಅವನ ಮಗ ಭಲ್ಲಾಳದೇವ ಹೂಡಿದ ಕಪಟಕ್ಕೆ ರಾಜಮಾತೆ ಶಿವಗಾಮಿ ಬಲಿಯಾಗುತ್ತಾಳೆ. ಬಾಹುಬಲಿ ದ್ರೋಹ ಬಗೆದನೆಂದು ನಂಬಿ ಅವನ ಸಾವನ್ನು ವಿಧಿಸುತ್ತಾಳೆ. ಆ ಕೆಲಸ ಕಟ್ಟಪ್ಪನ ಪಾಲಿಗೆ ಬರುತ್ತದೆ. ಅವನು ಬೇಡುತ್ತಾನೆ, ಅಳುತ್ತಾನೆ. ನೀನು ಕೊಲ್ಲದಿದ್ದರೆ ನಾನೇ ಕೊಲ್ಲುವೆನೆಂದು ಅವಳು ಹೇಳಿದಾಗ, ಸಾಕಿದ ತಾಯಿಯ ಕೈಗೆ ಮಗನ ರಕ್ತ ಅಂಟಬಾರದೆಂದು ಅವನು ಖಡ್ಗ ಹಿಡಿಯುತ್ತಾನೆ. ಹಿರಿಯರು ಕೊಟ್ಟ ಮಾತು ಉಳಿಯಿತು, ನಿರಪರಾಧಿ ಸತ್ತನು.

ಉತ್ತರ ಸಿಕ್ಕಿತೆಂದು ಅನೇಕರು ಸಮಾಧಾನಪಟ್ಟು ಮನೆಗೆ ಹೋದರು. ಆದರೆ ನಿಜವಾದ ಪ್ರಶ್ನೆ ಆರಂಭವಾಗುವುದೇ ಅಲ್ಲಿಂದ. ಅಪ್ಪಣೆಯಿತ್ತು ಎಂದ ಮಾತ್ರಕ್ಕೆ ಕಟ್ಟಪ್ಪನ ಕೈ ಶುದ್ಧವಾಯಿತೇ? ಕಥೆ ತಾನೇ ಇದಕ್ಕೊಂದು ಎದುರುಕನ್ನಡಿ ಹಿಡಿದಿದೆ. ಅದೇ ಚಿತ್ರದಲ್ಲಿ ಬಾಹುಬಲಿಗೂ ಮಾತಿನ ಇಕ್ಕಟ್ಟು ಬರುತ್ತದೆ. ದೇವಸೇನೆಯ ಮಾನ ಕಾಯುವೆನೆಂದು ಅವನು ನುಡಿ ಕೊಟ್ಟಿದ್ದಾನೆ. ತಾಯಿಯೆಂದೇ ನಂಬಿದ ಶಿವಗಾಮಿ ಅವಳನ್ನು ಭಲ್ಲಾಳದೇವನಿಗೆ ಕೊಡಲು ಒಪ್ಪಿದ್ದಾಳೆ. ತುಂಬಿದ ಸಭೆಯಲ್ಲಿ ಅವನು ತಾಯಿಯ ಮಾತನ್ನು ನಿರಾಕರಿಸುತ್ತಾನೆ. ಅದಕ್ಕೆ ಬೆಲೆಯಾಗಿ ಸಿಂಹಾಸನ ಹೋಗುತ್ತದೆ, ಬಳಿಕ ಅರಮನೆ ಹೋಗುತ್ತದೆ, ಕಡೆಗೆ ಪ್ರಾಣವೂ ಹೋಗುತ್ತದೆ. ಇಬ್ಬರೂ ಮಾತಿಗೆ ನಿಂತವರೇ. ಬಾಹುಬಲಿಯ ಮಾತು ಒಬ್ಬ ಹೆಣ್ಣುಮಗಳನ್ನು ಕಾಯಲು ಅವನೇ ಅರಿತು ಕೊಟ್ಟದ್ದು. ಕಟ್ಟಪ್ಪನ ಮಾತು ಎಂದೋ ಸತ್ತ ಹಿರಿಯರು ಒಂದು ಪೀಠಕ್ಕೆ ಕೊಟ್ಟದ್ದು. ಆ ಪೀಠದ ಮೇಲೆ ಯಾರು ಕೂತರೂ, ಏನು ಹೇಳಿದರೂ ತಲೆಬಾಗಬೇಕಾದದ್ದು.

ಮಹಾಭಾರತವೂ ಅಮರಚಿತ್ರಕಥೆಯ ಪುಸ್ತಕಗಳೂ ತಮ್ಮನ್ನು ಬೆಳೆಸಿದವೆಂದು ರಾಜಮೌಳಿ ಅವರು ಹೇಳಿಕೊಂಡಿದ್ದಾರೆ. ಭೀಷ್ಮನನ್ನು ಬಲ್ಲ ನಮ್ಮ ಓದುಗರಿಗೆ ಕಟ್ಟಪ್ಪನ ವಂಶ ಯಾವುದೆಂದು ಹೇಳಬೇಕಾಗಿಲ್ಲ. ಹಸ್ತಿನಾವತಿಯ ಸಿಂಹಾಸನವನ್ನು ಕಾಯುವ ಮಾತಿಗೆ ಕಟ್ಟುಬಿದ್ದು ದ್ರೌಪದಿಯ ಗೋಳಿನ ಮುಂದೆ ತಲೆತಗ್ಗಿಸಿ ಕೂತ ಪಿತಾಮಹನ ಮೌನಕ್ಕೂ ಕಟ್ಟಪ್ಪನ ಖಡ್ಗಕ್ಕೂ ಹೆಚ್ಚು ದೂರವಿಲ್ಲ. ಚಿತ್ರವೇನೋ ಕಟ್ಟಪ್ಪನನ್ನು ಬಹಳ ಬೇಗ ಕ್ಷಮಿಸಿಬಿಡುತ್ತದೆ. ಸಾಯುತ್ತಿರುವ ಬಾಹುಬಲಿಯೇ ತಾಯಿಯನ್ನು ನೋಡಿಕೋ ಎಂದು ಅವನಿಗೆ ಒಪ್ಪಿಸುತ್ತಾನೆ. ಪ್ರೇಕ್ಷಕರ ಕಣ್ಣು ತುಂಬುತ್ತದೆ. ಕಣ್ಣೀರು ಒರೆಸಿಕೊಂಡ ಮೇಲೆ ವಿಚಾರಿಸಬೇಕಾದ ಹೊಣೆ ಮಾತ್ರ ನಮ್ಮದಾಗಿಯೇ ಉಳಿಯುತ್ತದೆ.

ಇದು ಮಾಹಿಷ್ಮತಿಗೆ ಮಾತ್ರ ಸಂಬಂಧಿಸಿದ ವಿಚಾರವೇ? ಮೇಲಿನವರು ಹೇಳಿದರು, ನಾನು ಮಾಡಿದೆ ಎಂಬ ಮಾತನ್ನು ಕಚೇರಿಗಳಲ್ಲಿ ಕೇಳುತ್ತೇವೆ. ಹಿರಿಯರು ನಡೆಸಿಕೊಂಡು ಬಂದದ್ದು, ನಾವು ಬಿಡಲಾದೀತೇ ಎಂದು ವರದಕ್ಷಿಣೆಗೆ ಕೈಯೊಡ್ಡುವ ಮನೆಗಳನ್ನು ಕಂಡಿದ್ದೇವೆ. ಎದೆ ಒಲ್ಲೆನೆಂದರೂ ಕೈ ಮಾಡಿಬಿಡುವ ಈ ಪರಿ ದಿನನಿತ್ಯದ್ದು. ಹದಿನಾಲ್ಕು ವರ್ಷದ ಹುಡುಗನೊಬ್ಬ ಅಂದು ಕಟ್ಟಪ್ಪನ ವಿಷಯದಲ್ಲಿ, ಅವನು ಇಲ್ಲವೆನ್ನಬಹುದಾಗಿತ್ತಲ್ಲ ಎಂದು ಹಠ ಹಿಡಿದು ವಾದಿಸಿದ್ದರೆ, ಆ ವಾದ ಎಂದಾದರೊಂದು ದಿನ ಅವನ ನೆರವಿಗೆ ಬರುತ್ತದೆ.

ಮನೆಯ ಹಿರಿಯರಿಗೊಂದು ಮಾತು

2025ರ ಅಕ್ಟೋಬರ್ 31ರಂದು ಎರಡೂ ಭಾಗಗಳನ್ನು ಹೆಣೆದು ಮೂರೂ ಮುಕ್ಕಾಲು ಗಂಟೆಯ ಒಂದೇ ಚಿತ್ರವಾಗಿ ಬಿಡುಗಡೆ ಮಾಡಿದರು. ಉತ್ತರ ಎಂಟು ವರ್ಷಗಳ ಹಿಂದೆಯೇ ಎಲ್ಲರಿಗೂ ತಿಳಿದಿತ್ತು. ಆದರೂ ಜನ ಬಂದರು. ಅಂದು ಬಾಲಕರಾಗಿದ್ದವರು ತರುಣರಾಗಿ ಬಂದರು. ತಿಳಿಯದೆ ಕಾದವರು ಈಗ ತಿಳಿದು ನೋಡುವವರಾಗಿದ್ದರು. ಅದೇ ಲೋಕದ ಕಥೆಯನ್ನು ಆನಿಮೇಷನ್ ಚಿತ್ರವಾಗಿ ತರುವುದಾಗಿಯೂ ಆ ವರ್ಷ ಪ್ರಕಟಿಸಿದ್ದಾರೆ. ಅಂದಮೇಲೆ ಇನ್ನೊಂದು ಕಾಯುವಿಕೆ ಮೊದಲಾಯಿತೆಂದೇ ಅರ್ಥ. ಬಾಹುಬಲಿ ಅಲ್ಲದಿದ್ದರೆ ಮತ್ತೊಂದು ಸರಣಿ ಬರುತ್ತದೆ, ಮಕ್ಕಳು ಕಾಯುತ್ತಾರೆ.

ತಡೆಯುವುದು ಆಗದ ಕೆಲಸ. ಎಲ್ಲವನ್ನೂ ತಡೆಯುವುದು ಬೇಕಾಗಿಯೂ ಇಲ್ಲ. ಮಾಡಬಹುದಾದ ಎರಡು ಕೆಲಸಗಳಿವೆ. ಮೊದಲನೆಯದು ಹಣದ ವಿಚಾರ. ಮೊದಲ ದಿನವೇ, ಮೊದಲ ಆಟವೇ ಎಂಬ ತರಾತುರಿಯಲ್ಲಿ ಒಂದಕ್ಕೆ ನಾಲ್ಕು ತೆರುವ ಬದಲು ಎರಡು ವಾರ ತಾಳಿದರೆ ಇಡೀ ಮನೆಯವರು ಅದೇ ಹಣದಲ್ಲಿ ಕೂಡಿ ನೋಡಬಹುದು. ತಾಳಿದವನು ಬಾಳಿಯಾನು ಎಂಬುದು ಟಿಕೆಟ್ಟಿಗೂ ಸಲ್ಲುವ ಗಾದೆ. ಎರಡನೆಯದು ಮಾತಿನ ವಿಚಾರ. ಚಿತ್ರ ಯಾವಾಗ ಬರುತ್ತದೆಂದು ಮಗು ಹತ್ತು ಬಾರಿ ಹೇಳಿದಾಗ ಗದರಿಸಿ ಕಳಿಸುವ ಬದಲು ಒಂದು ಬಾರಿ ಕೇಳಿ ನೋಡಬೇಕು: ಅವನು ಹಾಗೇಕೆ ಮಾಡಿದನೆಂದು ನಿನಗೆ ತೋರುತ್ತದೆ? ಅವನ ಜಾಗದಲ್ಲಿ ನೀನಿದ್ದರೆ ಏನು ಮಾಡುತ್ತಿದ್ದೆ? ಹೀಗೆ ಕೇಳುವ ಅಜ್ಜನೋ ತಾಯಿಯೋ ಇರುವ ಮನೆಯಲ್ಲಿ ಕಾಯುವ ದಿನಗಳು ವ್ಯರ್ಥವಾಗುವುದಿಲ್ಲ.

ಆ ಕಥೆಯೊಳಗೂ ಕಾಯುವವಳೊಬ್ಬಳಿದ್ದಾಳೆ. ಸೆರೆಯಲ್ಲಿದ್ದ ದೇವಸೇನೆ ಇಪ್ಪತ್ತೈದು ವರ್ಷ ಸುಮ್ಮನೆ ಕೂತವಳಲ್ಲ. ಸರಪಳಿ ಎಳೆದುಕೊಂಡೇ ಅಂಗಳದಲ್ಲಿ ಒಂದೊಂದು ಪುಳ್ಳೆಯನ್ನು ಆರಿಸಿ ಒಟ್ಟಿದಳು. ದುಷ್ಟನ ಚಿತೆಗೆ ಅದು ಸೌದೆಯಾಗುವ ದಿನ ಬಂದೇ ಬರುವುದೆಂದು ನಂಬಿದ್ದಳು. ಅವಳ ಸೇಡನ್ನು ನಾವು ಮಕ್ಕಳಿಗೆ ಕಲಿಸಬೇಕಾಗಿಲ್ಲ. ಕಾಯುವಾಗ ಕೈ ಖಾಲಿ ಬಿಡದ ಅವಳ ರೀತಿಯನ್ನು ಕಲಿಸಬಹುದು. ಮುಂದಿನ ಚಿತ್ರ ಬರುವವರೆಗೆ ನಮ್ಮ ಮಕ್ಕಳು ಒಂದೊಂದು 'ಏಕೆ'ಯನ್ನು ಆರಿಸಿ ಒಟ್ಟುತ್ತಿರಲಿ. ಅವುಗಳಿಗೆ ಉತ್ತರ ಹುಡುಕುವಾಗ ಮನೆಯ ಹಿರಿಯರು ಪಕ್ಕದಲ್ಲಿ ಕೂತಿರಲಿ.